ಸಾಲ್ ಮುಬಾರಕ್: ದಿವಾಳಿ ಅರ್ಜಿಗೆ ಮುಂಚೆ ಮನೆ ಖರ್ಚಿನ ಲೆಕ್ಕ

ಗುಜರಾತಿಗೆ ಹೊಸದಾಗಿ ಬಂದ ಕನ್ನಡದವರಿಗೆ ದೀಪಾವಳಿ ಹೊತ್ತಿಗೆ ಒಂದು ತಮಾಷೆ ಕಾದಿರುತ್ತೆ. ಹಬ್ಬ ಮುಗಿದು ಇವರ ಹೊಸ ವರ್ಷ ಶುರುವಾಗೋ ದಿನ ಲಿಫ್ಟಲ್ಲಿ, ಮೆಟ್ಟಿಲಲ್ಲಿ ಸಿಕ್ಕವರೆಲ್ಲ ಕೈ ಹಿಡಿದು 'ಸಾಲ್ ಮುಬಾರಕ್' ಅಂತಾರೆ. ಸಾಲ್ ಅಂದರೆ ವರ್ಷ. ನಮ್ಮ ಕಿವಿಗೆ ಅದು ಸಾಲ! ದೀಪಾವಳಿಯನ್ನ ಇಲ್ಲಿ ದಿವಾಳಿ ಅಂತಾರೆ. ನಮ್ಮ ಭಾಷೆಯಲ್ಲಿ ದಿವಾಳಿ ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ.

2022ರ ಅಕ್ಟೋಬರಿನಲ್ಲಿ ವಡೋದರಾದ ಗೋತ್ರಿಯಲ್ಲಿರೋ ನಮ್ಮ ಬಾಡಿಗೆ ಮನೆ ಬಾಗಿಲಿಗೆ ಪಕ್ಕದ ಮನೆ ಕಾಕಾ ಬಂದು ಸಾಲ್ ಮುಬಾರಕ್ ಅಂದಾಗ ನನ್ನ ಮೇಲೆ 28 ಲಕ್ಷ ರೂಪಾಯಿ ಸಾಲ ಇತ್ತು. ನಾನು ನಕ್ಕೆ. ಒಳಗಿದ್ದ ನನ್ನ ಹೆಂಡತಿ ನಗಲಿಲ್ಲ. ಎರಡು ದಿನ ಹಿಂದೆ, ಹಬ್ಬದ ರಾತ್ರಿ, ಅವಳಿಗೆ ಆ ಅಂಕಿ ಮೊದಲ ಸಲ ಗೊತ್ತಾಗಿತ್ತು.

ಸಾಲ ಹೇಗಾಯ್ತು ಅನ್ನೋದನ್ನ ಬೇಗ ಹೇಳಿಬಿಡ್ತೀನಿ. ನಾನು ದಾವಣಗೆರೆಯವನು. ಐಟಿ ಕೆಲಸಕ್ಕೆ ಅಂತ ಅಹಮದಾಬಾದಿಗೆ ಬಂದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಸೂರತ್ತಿನ ಬಟ್ಟೆ ವ್ಯಾಪಾರಿಗಳು ವಾರಗಟ್ಟಲೆ ಅಂಗಡಿ ಮುಚ್ಚಿ ಮುಷ್ಕರ ಮಾಡಿದ್ದು ನಿಮಗೆ ನೆನಪಿರಬಹುದು. ಮುಷ್ಕರ ಮುಗಿದ ಮೇಲೆ ಎಲ್ಲರಿಗೂ ಬಿಲ್ಲಿಂಗ್ ಸಾಫ್ಟ್‌ವೇರ್ ಬೇಕಾಯ್ತು. ನಾನೂ ಒಬ್ಬ ಗೆಳೆಯನೂ ಕೆಲಸ ಬಿಟ್ಟು ರಿಂಗ್ ರೋಡ್ ಹತ್ತಿರ ಒಂದು ಕೋಣೆ ಹಿಡಿದು ಪಾರ್ಟ್‌ನರ್‌ಶಿಪ್ ಶುರು ಮಾಡಿದ್ವಿ. ಆರ್ಡರ್ ಚೆನ್ನಾಗೇ ಬಂತು. ಆದರೆ ಆ ಮಾರ್ಕೆಟ್ ನಡೆಯೋದೇ ಉಧಾರಿನ ಮೇಲೆ. ಸೀರೆ ತಗೊಂಡವನೂ ಮೂರು ತಿಂಗಳಿಗೆ ದುಡ್ಡು ಕೊಡ್ತಾನೆ, ಸಾಫ್ಟ್‌ವೇರ್ ತಗೊಂಡವನೂ ಹಾಗೇ. ನಮ್ಮ ಹುಡುಗರಿಗೆ ಮಾತ್ರ ಒಂದನೇ ತಾರೀಖು ಸಂಬಳ ಕೊಡಬೇಕು. ಆ ಅಂತರವನ್ನ ನಾನು ನನ್ನ ಹೆಸರಿನ ಪರ್ಸನಲ್ ಲೋನ್, ಕಾರ್ಡುಗಳಿಂದ ತುಂಬಿಸ್ತಾ ಹೋದೆ. 2020ರಲ್ಲಿ ಲಾಕ್‌ಡೌನ್. ಆಗಸ್ಟ್ ತನಕ ಕಂತು ಮುಂದೂಡಿದರು, ಬಡ್ಡಿಯನ್ನಲ್ಲ. 2021ರಲ್ಲಿ ಬಾಗಿಲು ಹಾಕಿದ್ವಿ. ವಡೋದರಾದಲ್ಲಿ ಕೈಗೆ 82,000 ಬರೋ ಕೆಲಸ ಸಿಕ್ಕಿತು.

82,000 ಬರುತ್ತೆ, ಹೋಗೋದು ನೋಡಿ. ದೊಡ್ಡ ಪರ್ಸನಲ್ ಲೋನ್ 9 ಲಕ್ಷ, ಕಂತು 22,500. ಚಿಕ್ಕದು ಐದೂವರೆ ಲಕ್ಷ, ಕಂತು 14,500. ನಾಲ್ಕು ಕಾರ್ಡಲ್ಲಿ 6.8 ಲಕ್ಷ, ಮಿನಿಮಮ್ ಡ್ಯೂ 34,000. ಮೊಬೈಲ್ ಆಪ್ ಸಾಲ 1.2 ಲಕ್ಷ, ತಿಂಗಳಿಗೆ 12,000. ಚಿನ್ನದ ಮೇಲೆ ಎರಡೂವರೆ ಲಕ್ಷ, ಬಡ್ಡಿ 2,100. ಇದರ ಮೇಲೆ ಬಾಮೈದನ ಹತ್ತಿರ 3 ಲಕ್ಷ ಕೈಸಾಲ. ಕಂತುಗಳೇ 85,100 ಆಯ್ತು. ಊಟ ಇನ್ನೂ ಶುರುವಾಗಿಲ್ಲ.

ಹಾಗಾದರೆ ಒಂದು ವರ್ಷ ಹೇಗೆ ನಡೆಸಿದೆ? ಕಾರ್ಡಿನ ಮಿನಿಮಮ್ ಕಟ್ಟಿ, ಅದೇ ಕಾರ್ಡಲ್ಲಿ ದಿನಸಿ ತಂದು. ನನ್ನ ಕಾರ್ಡುಗಳಿಗೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ. 6.8 ಲಕ್ಷಕ್ಕೆ 23,800. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದು ಸುಮಾರು 4,300. ಅಂದರೆ 34,000 ಕಟ್ಟಿದರೆ ಅಸಲಿಗೆ ಹೋಗೋದು 6,000ಕ್ಕೂ ಕಮ್ಮಿ. ಜಿಎಸ್‌ಟಿ ಸಾಫ್ಟ್‌ವೇರ್ ಮಾಡಿದವನು ನಾನು. ಈ ಲೆಕ್ಕ ಹಾಕಿದ್ದು ಮಾತ್ರ ಒಂದು ವರ್ಷ ಆದಮೇಲೆ.

ಹಬ್ಬದ ರಜೆ ಮುಗಿದ ಮೇಲೆ ದಿವಾಳಿ ಅರ್ಜಿ ಹಾಕೋಣ ಅಂತ ಒಬ್ಬ ವಕೀಲೆಯ ಹತ್ತಿರ ಹೋದ್ವಿ. ಅವರು ಮೊದಲು ಸಾಲ ಎಷ್ಟು ಅಂತ ಕೇಳಲಿಲ್ಲ. 'ಘರ್ ಖರ್ಚ್ ಕಿತ್ನಾ ಹೈ?' ಅಂದರು. ನಾನು ಹೆಮ್ಮೆಯಿಂದ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ತೋರಿಸಿದೆ. ಬಾಡಿಗೆ, ಮೇಂಟೆನೆನ್ಸ್ ಸೇರಿ 15,500. ದಿನಸಿ 10,000. ಕರೆಂಟು 1,000. ಗ್ಯಾಸು 500. ಮಗಳ ಸ್ಕೂಲು 4,000. ಪೆಟ್ರೋಲ್ 2,500. ಫೋನು, ಇಂಟರ್ನೆಟ್ 1,500. ಇತರೆ 3,000. ಒಟ್ಟು 38,000.

ಅವರು ಕನ್ನಡಕ ತೆಗೆದು ನನ್ನ ಹೆಂಡತಿ ಮುಖ ನೋಡಿದರು. 'ನಿಮ್ಮ ಮನೇಲಿ ಯಾರಿಗೂ ಜ್ವರ ಬರಲ್ವಾ?' ಅಂತ ಹಿಂದಿಯಲ್ಲಿ ಕೇಳಿದರು. ಆಮೇಲೆ ಅವರು ಹೇಳಿದ ಒಂದು ಮಾತಿಗೋಸ್ಕರವೇ ಇವತ್ತು ನಿಮ್ಮ ಮುಂದೆ ಕೂತಿದ್ದೀನಿ. ಖರ್ಚು ಕಮ್ಮಿ ತೋರಿಸಿದರೆ ಕೋರ್ಟಿಗೆ ನಾವು ಒಳ್ಳೆಯವರಾಗಿ ಕಾಣ್ತೀವಿ ಅಂತ ನಾವು ಅಂದುಕೊಳ್ತೀವಿ. ಸಾಲ ತೀರಿಸೋಕೆ ಆಗದವನು ಮಾತ್ರ ಈ ಅರ್ಜಿ ಹಾಕಬಹುದು. ನನ್ನ ಎಕ್ಸೆಲ್ ಪ್ರಕಾರ ತಿಂಗಳಿಗೆ 44,000 ಉಳಿಯುತ್ತೆ. ಬ್ಯಾಂಕಿನ ವಕೀಲ ಎದ್ದು ನಿಂತು, ಇಷ್ಟು ಉಳಿಯೋನಿಗೆ ದಿವಾಳಿ ಯಾಕೆ ಅಂತ ಕೇಳ್ತಾನೆ. ನಾನು ಆ 44,000ಕ್ಕೆ ಒಪ್ಪಿ ಸಹಿ ಹಾಕಿದರೆ ಮೂರನೇ ತಿಂಗಳಿಗೆ ಮತ್ತೆ ತಪ್ಪುತ್ತೆ. ಜಾಸ್ತಿ ತೋರಿಸಿದರೆ ಸುಳ್ಳುಗಾರ, ಕಮ್ಮಿ ತೋರಿಸಿದರೂ ಸುಳ್ಳುಗಾರನೇ.

ಮನೆಗೆ ಬರ್ತಾ ನನ್ನ ಹೆಂಡತಿ ಒಂದು ಕೆಂಪು ರಟ್ಟಿನ ಚೋಪಡಾ ತಗೊಂಡಳು. ಇಲ್ಲಿ ವ್ಯಾಪಾರಿಗಳು ದೀಪಾವಳಿಗೆ ಪೂಜೆ ಮಾಡ್ತಾರಲ್ಲ, ಆ ಲೆಕ್ಕದ ಪುಸ್ತಕ. 'ರೀ, ಎಕ್ಸೆಲ್‌ನಲ್ಲಿ ನೀವು ಅಂಕಿ ತಿದ್ದಿದರೆ ನನಗೆ ಗೊತ್ತಾಗಲ್ಲ. ಇದರಲ್ಲಿ ಕಾಟು ಹೊಡೆದರೆ ಕಾಣುತ್ತೆ' ಅಂದಳು.

ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಕಾರ್ಡ್ ಸ್ಟೇಟ್‌ಮೆಂಟು, ಯುಪಿಐ ಹಿಸ್ಟರಿ ಪ್ರಿಂಟ್ ಹಾಕಿಸಿ ನಾಲ್ಕು ರಾತ್ರಿ ಕೂತ್ವಿ. ಮೂರು ತಿಂಗಳದ್ದು ಸಾಕಾಗಲ್ಲ, ಅದಕ್ಕೆ ಕಾರಣ ಇದೆ. ಬೆಂಗಳೂರಲ್ಲಿ ಕರೆಂಟು ಬಿಲ್ಲು ತಿಂಗಳಿಗೆ ಬರುತ್ತೆ. ಇಲ್ಲಿ ಎರಡು ತಿಂಗಳಿಗೊಮ್ಮೆ. ಅಹಮದಾಬಾದಲ್ಲಿ ಟೊರೆಂಟ್ ಇರಲಿ, ವಡೋದರಾದಲ್ಲಿ ಎಂಜಿವಿಸಿಎಲ್ ಇರಲಿ. ನಾನು ಚಳಿಗಾಲದ ಒಂದು ಬಿಲ್ಲು ಅರ್ಧ ಮಾಡಿ 1,000 ಅಂತ ಬರೆದಿದ್ದೆ. ವರ್ಷದ ಆರೂ ಬಿಲ್ಲು ಕೂಡಿದಾಗ 24,200. ಮೇ ತಿಂಗಳಲ್ಲಿ 43 ಡಿಗ್ರಿ ಇರುವಾಗ ಮಗು ಇರೋ ಮನೇಲಿ ಎಸಿ ಹಾಕದೆ ಇರೋಕಾಗಲ್ಲ. ತಿಂಗಳಿಗೆ 2,000 ಅಂತ ಬರೆದ್ವಿ. ಗ್ಯಾಸು 600.

ಸ್ಕೂಲಿನ ಫೀಸು ವರ್ಷಕ್ಕೆ 48,000, ಅದು ಎಕ್ಸೆಲ್‌ನಲ್ಲಿತ್ತು. ವ್ಯಾನಿನ 1,400 ಇರಲಿಲ್ಲ. ಜೂನಿನಲ್ಲಿ ಪುಸ್ತಕ, ಯೂನಿಫಾರಂ, ಶೂ ಅಂತ ಹೋದ 9,600 ಇರಲಿಲ್ಲ. ಸೇರಿಸಿದರೆ ತಿಂಗಳಿಗೆ 6,200. ದಿನಸಿ, ಹಾಲು, ತರಕಾರಿ 10,000 ಅಲ್ಲ, 14,000. ಅದರಲ್ಲಿ ನಾನು ರಾತ್ರಿ ತರಿಸಿಕೊಂಡ ಪಾರ್ಸೆಲ್ಲುಗಳೂ, ಚಿಕ್ಕಮಗಳೂರಿಂದ ಕೊರಿಯರ್ ಮಾಡಿಸೋ ಕಾಫಿಪುಡಿಯೂ ಸೇರಿದ್ದವು. ಪಾರ್ಸೆಲ್ಲು ಬಿಟ್ಟೆ. ಕಾಫಿಪುಡಿ ಬಿಟ್ಟಿಲ್ಲ, ಬಿಡ್ತೀನಿ ಅಂತ ಬರೆದಿದ್ದರೆ ಅದೂ ಒಂದು ಸುಳ್ಳಾಗ್ತಿತ್ತು.

ಪೆಟ್ರೋಲು, ಫೋನು ಮೊದಲಿನಷ್ಟೇ. ಇನ್ಶೂರೆನ್ಸು ವರ್ಷಕ್ಕೆ 31,200, ತಿಂಗಳಿಗೆ 2,600. ಗಾಂಧಿಧಾಮ–ಬೆಂಗಳೂರು ರೈಲಲ್ಲಿ ವರ್ಷಕ್ಕೊಂದು ಸಲ ಊರಿಗೆ ಹೋಗಿ ಬರೋದು, ಕೈಲಿ ಏನಾದರೂ ಒಯ್ಯೋದು ಸೇರಿ ತಿಂಗಳ ಲೆಕ್ಕಕ್ಕೆ 1,800. ಹಬ್ಬ, ಮುಯ್ಯಿ, ಕನ್ನಡ ಸಂಘದ ರಾಜ್ಯೋತ್ಸವದ ಚಂದಾ 1,500. ಬಟ್ಟೆ 1,000. ಸ್ಕೂಟರ್ ರಿಪೇರಿ, ಹಲ್ಲುನೋವು ಇಂಥದ್ದಕ್ಕೆ 2,000.

ಎಲ್ಲಕ್ಕಿಂತ ಕಷ್ಟ ಆಗಿದ್ದು ಊರಿಗೆ ಕಳಿಸೋ ದುಡ್ಡು ಬರೆಯೋದು. ಅಪ್ಪನಿಗೆ 6,000, ಅಮ್ಮನ ಮಾತ್ರೆಗೆ 2,400. ಎಕ್ಸೆಲ್‌ನಲ್ಲಿ ಈ ಸಾಲೇ ಇರಲಿಲ್ಲ. ಅಪ್ಪ ಅಮ್ಮನಿಗೆ ಕೊಡೋದನ್ನ 'ಖರ್ಚು' ಅಂತ ಬರೆಯೋಕೆ ಕೈ ಬರಲ್ಲ, ಅಲ್ವಾ? ಬರೆಯದೆ ಇದ್ದರೂ ಕಳಿಸ್ತಾ ಇದ್ದೆ, ಆಪ್ ಸಾಲ ತೆಗೆದು. ಬರೆದ್ವಿ.

ಒಟ್ಟು 59,600. ನನ್ನ ಎಕ್ಸೆಲ್ ಪ್ರತಿ ತಿಂಗಳು 21,600 ಸುಳ್ಳು ಹೇಳ್ತಾ ಇತ್ತು.

ಆಮೇಲೆ ಕಡಿಮೆ ಮಾಡೋಕೆ ಕೂತ್ವಿ. ದಿನಸಿಯಲ್ಲಿ 1,500, ಇಂಟರ್ನೆಟ್ ಪ್ಲಾನಲ್ಲಿ 500, ಊರಿನ ಪ್ರಯಾಣದಲ್ಲಿ 800, ಬಟ್ಟೆಯಲ್ಲಿ 400. ಮಗಳನ್ನ ಆಫೀಸಿಗೆ ಹೋಗ್ತಾ ನಾನೇ ಬಿಡ್ತೀನಿ, ಬರ್ತಾ ಅವಳಮ್ಮ ಕರ್ಕೊಂಡು ಬರ್ತಾಳೆ ಅಂತ ವ್ಯಾನಿನ 1,400. ಒಟ್ಟು 4,600 ಉಳಿತು. ಇನ್ಶೂರೆನ್ಸು ನಿಲ್ಲಿಸ್ತೀನಿ ಅಂದೆ. ನನ್ನ ಹೆಂಡತಿ ಪೆನ್ನು ಕಿತ್ತುಕೊಂಡಳು. ಒಂದು ಸಲ ಆಸ್ಪತ್ರೆ ಸೇರಿದರೆ ಈ ಪುಸ್ತಕವನ್ನೇ ಹರಿದು ಹಾಕಬೇಕಾಗುತ್ತೆ ಅಂದಳು. ಹಾಗಾಗಿ ಮನೆಗೆ 55,000, ಸಾಲಕ್ಕೆ 27,000.

ಈ ಪುಟ ನೋಡಿ ವಕೀಲೆ ಮೊದಲ ಸಲ ನಕ್ಕರು. ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಸೆಕ್ಷನ್ ಪ್ರಕಾರ ಡಿಕ್ರಿಗೆ ಸಂಬಳ ಜಪ್ತಿ ಮಾಡುವಾಗ ಮೊದಲ 1,000 ರೂಪಾಯಿ, ಉಳಿದದ್ದರ ಮೂರರಲ್ಲಿ ಎರಡು ಭಾಗ ಮುಟ್ಟೋ ಹಾಗಿಲ್ಲ. ಕಾನೂನಿನಲ್ಲಿ ಸಂಬಳ ಅನ್ನೋದಕ್ಕೆ ಬೇರೆ ವಿವರಣೆ ಇದೆ, ಲೆಕ್ಕಕ್ಕೆ ನನ್ನ 82,000ವನ್ನೇ ಹಿಡಿಯಿರಿ. ಸಾವಿರ, ಮತ್ತೆ 81,000ದ ಮೂರರಲ್ಲಿ ಎರಡು ಅಂದರೆ 54,000. ಕಾನೂನು ಕುಟುಂಬಕ್ಕೆ ಬಿಡೋದು 55,000! ನಾವು ನಾಲ್ಕು ರಾತ್ರಿ ಕೂತು ತಲುಪಿದ್ದೂ ಅದೇ ಅಂಕಿ. ಕಾಕತಾಳೀಯ, ಆದರೆ ನನಗೆ ಎಷ್ಟೋ ತಿಂಗಳ ಮೇಲೆ ಆವತ್ತು ನಿದ್ದೆ ಬಂತು. ಪಿಎಫ್ ಕೂಡ ಜಪ್ತಿಗೆ ಸಿಗಲ್ಲ. ಅಡುಗೆ ಪಾತ್ರೆ, ಹಾಸಿಗೆ, ಹೆಣ್ಣುಮಕ್ಕಳು ಧರ್ಮದ ಪ್ರಕಾರ ತೆಗೆಯಬಾರದ ಒಡವೆ ಇವೂ ಅಷ್ಟೇ.

ದಿವಾಳಿ ಅರ್ಜಿಯ ವಿಷಯ. 2016ರ ಇನ್‌ಸಾಲ್ವೆನ್ಸಿ ಕೋಡಿನಲ್ಲಿ ವ್ಯಕ್ತಿಗಳಿಗೆ ಒಂದು ಭಾಗ ಇದೆ. 2019ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ನನ್ನಂಥವನಿಗೆ ಇದ್ದದ್ದು 1920ರ ಪ್ರಾವಿನ್ಷಿಯಲ್ ಇನ್‌ಸಾಲ್ವೆನ್ಸಿ ಆಕ್ಟ್, ಜಿಲ್ಲಾ ಕೋರ್ಟು. ದಿವಾಳಿ ಅಂತ ಆದೇಶ ಆದರೆ ನನ್ನ ಆಸ್ತಿ ಕೋರ್ಟಿನ ಅಥವಾ ರಿಸೀವರ್ ಕೈಗೆ ಹೋಗುತ್ತೆ. ಬಿಡುಗಡೆ ಆದೇಶ ಸಿಗೋ ತನಕ ಹೊಸದಾಗಿ ಬಂದ ಆಸ್ತಿಯೂ ಅಲ್ಲಿಗೇ.

ಇಲ್ಲಿ ನನ್ನ ಹೊಟ್ಟೆ ತೊಳೆಸಿತು. ದಾವಣಗೆರೆಯಲ್ಲಿ ನನ್ನ ಹೆಸರಲ್ಲಿ ಒಂದು 30/40 ಸೈಟಿತ್ತು. ಅಪ್ಪ ರಿಟೈರಾದಾಗ ಬಂದ ಗ್ರಾಚ್ಯುಟಿಯಲ್ಲಿ ತೆಗೆದುಕೊಟ್ಟಿದ್ದು. ಅದನ್ನ ಹೆಂಡತಿ ಹೆಸರಿಗೆ ದಾನಪತ್ರ ಮಾಡಿ ಆಮೇಲೆ ಅರ್ಜಿ ಹಾಕು ಅಂತ ಗೆಳೆಯರು ಹೇಳಿದ್ದರು. ವಕೀಲೆ ಖಡಾಖಂಡಿತ ಬೇಡ ಅಂದರು. ಅರ್ಜಿಗೆ ಎರಡು ವರ್ಷದೊಳಗೆ ಹಾಗೆ ಮಾಡಿದ ವರ್ಗಾವಣೆಯನ್ನ ರದ್ದು ಮಾಡಿಸಬಹುದು. ಮೂರು ತಿಂಗಳೊಳಗೆ ಬಾಮೈದನಿಗೆ ಮಾತ್ರ ಮುಂಚೆ ದುಡ್ಡು ಕೊಟ್ಟು ಬ್ಯಾಂಕಿಗೆ ಕೈ ಎತ್ತಿದರೆ ಅದೂ ನಿಲ್ಲಲ್ಲ. 'ಸೈಟು ಇಲ್ಲದಿದ್ದರೆ, ಪುಸ್ತಕದಲ್ಲಿ 27,000 ಇರೋ ಕಡೆ ಸೊನ್ನೆ ಇದ್ದಿದ್ದರೆ ನಾಳೆನೇ ಅರ್ಜಿ ಹಾಕ್ತಿದ್ದೆ. ನಿಮ್ಮದು ಹಾಗಿಲ್ಲ' ಅಂದರು.

ಅಪ್ಪನಿಗೆ ಫೋನ್ ಮಾಡೋಕೆ ಎಂಟು ದಿನ ಬೇಕಾಯ್ತು. ಚೋಪಡಾ ಮುಂದಿಟ್ಟುಕೊಂಡು ಪ್ರತಿ ಸಾಲೂ ಓದಿ ಹೇಳಿದೆ. ಅವರು ಮಧ್ಯೆ ಮಾತಾಡಲಿಲ್ಲ. 'ನಿಮಗೆ 6,000' ಅಂದಾಗ ಮಾತ್ರ, 'ಅದನ್ನ ಹೊಡೆದು ಹಾಕಪಾ' ಅಂದರು. ಇಲ್ಲಪ್ಪಾಜಿ, ಅದು ಇರುತ್ತೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, 'ಸೈಟು ನಿನ್ನ ಹೆಸರಿಗೆ ಮಾಡಿದ್ದು ನಿನ್ನ ಕಷ್ಟಕ್ಕೇ. ಮನೆ ಕಟ್ಟಲಿ ಅಂತಿತ್ತು, ಇರ್ಲಿ' ಅಂದರು. ಅಮ್ಮನಿಗೆ ಫೋನ್ ಕೊಡಲಿಲ್ಲ.

ಸೈಟು 12 ಲಕ್ಷಕ್ಕೆ ಹೋಯ್ತು. ಆಪ್ ಸಾಲ ಪೂರ್ತಿ, ಚಿಕ್ಕ ಪರ್ಸನಲ್ ಲೋನ್ ಪೂರ್ತಿ ಕಟ್ಟಿದೆ. ಕಾರ್ಡಿನವರ ಜೊತೆ ಮಾತಾಡುವಾಗ ಚೋಪಡಾದ ಪುಟಗಳ ಜೆರಾಕ್ಸ್, ಸ್ಟೇಟ್‌ಮೆಂಟು ಕಳಿಸಿದೆ. ಅದಕ್ಕೂ ಮುಂಚೆ ಅಳ್ತಾ ಮಾತಾಡಿ ಏನೂ ಆಗಿರಲಿಲ್ಲ. ಕಾಗದದ ಮೇಲಿನ ಅಂಕಿ ನೋಡಿ 6.8 ಲಕ್ಷದ ಬದಲು 4.1 ಲಕ್ಷಕ್ಕೆ ಮುಗಿಸಿದರು, ಲಿಖಿತದಲ್ಲಿ. ಸಿಬಿಲ್ ರಿಪೋರ್ಟಲ್ಲಿ 'ಸೆಟಲ್ಡ್' ಅಂತ ಕೂತಿದೆ. ಹೊಸ ಸಾಲ ಸಿಗೋದು ಕಷ್ಟ, ನನಗೆ ಬೇಕಾಗೂ ಇಲ್ಲ. ಒಂದು ಮಾತು: ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದು ಅಂತ 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಬಂದರೆ ಸಮಯ ಬರೆದಿಟ್ಟುಕೊಳ್ಳಿ.

ಉಳಿದ 1.2 ಲಕ್ಷವನ್ನ ಮುಟ್ಟದೆ ಇಟ್ಟಿದ್ದೀವಿ. ಈಗ ದೊಡ್ಡ ಲೋನಿನ 22,500, ಚಿನ್ನದ ಬಡ್ಡಿ 2,100, ಬಾಮೈದನಿಗೆ 2,000. ಒಟ್ಟು 26,600. ದೊಡ್ಡ ಲೋನು 2027ರ ಮಧ್ಯದ ತನಕ ಇದೆ. ಬಾಮೈದನ 3 ಲಕ್ಷ ಈ ವೇಗದಲ್ಲಿ ತೀರೋಕೆ 150 ತಿಂಗಳು ಬೇಕು. ಅದನ್ನೂ ಚೋಪಡಾದಲ್ಲಿ ಬರೆದು ಫೋಟೋ ತೆಗೆದು ಅವನಿಗೆ ಕಳಿಸಿದೆ. 'ಭಾವ, ಹನ್ನೆರಡೂವರೆ ವರ್ಷ ಅಂದ್ರೆ ನನ್ನ ಮಗಳ ಪಿಯುಸಿ ಮುಗಿದಿರುತ್ತೆ. ಅವಳ ಕಾಲೇಜು ಫೀಸಿಗೆ ಆಗುತ್ತೆ, ತಿಂಗಳು ತಪ್ಪಿಸಬೇಡಿ' ಅಂತ ವಾಪಸ್ ಬರೆದ. ಇನ್ನೂ ತಪ್ಪಿಸಿಲ್ಲ.