ಗಾಜಿನ ಹಿಂದಿನ ಬೆಟ್ಟ



ಚೀನಾದ ಮಸಿಚಿತ್ರವೆಂದರೆ ಬೆಟ್ಟ, ನೀರು, ಮಂಜು. ಫಾನ್ ಕ್ವಾನ್ ಸಾವಿರ ವರ್ಷದ ಹಿಂದೆ ರೇಷ್ಮೆಯ ಮೇಲೆ ಬರೆದ ಬೆಟ್ಟ ಈಗಲೂ ತೈಪೆಯ ಮ್ಯೂಸಿಯಂನಲ್ಲಿದೆ. ಅದರ ಬುಡದಲ್ಲಿ ಸರಕು ಹೊತ್ತ ಪ್ರಾಣಿಗಳ ಸಾಲೊಂದಿದೆ, ಕಣ್ಣಿಟ್ಟು ಹುಡುಕಿದರೆ ಸಿಗುವಷ್ಟು ಸಣ್ಣದು. ನಡುವಿನ ರಾಜವಂಶಗಳನ್ನೆಲ್ಲ ದಾಟಿಬಿಡೋಣ. ನನಗೆ ಬೇಕಾದವನು 17ನೇ ಶತಮಾನದ ವಾಂಗ್ ಷಿಮಿನ್. ಗುರು ದೊಂಗ್ ಚೀಚಾಂಗ್‌ನಿಂದ ಅವನು ಕಲಿತದ್ದೇ ಹಿಂದಿನ ದೊಡ್ಡವರ ದಾರಿಯಲ್ಲಿ ಮತ್ತೆ ಮತ್ತೆ ಬರೆಯುವುದನ್ನು. ಅಂಥ ಚಿತ್ರಕಾರರು ಯಾರನ್ನು ಅನುಸರಿಸಿದೆ ಎಂದು ಚಿತ್ರದ ಮೇಲೆಯೇ ಬರೆಯುತ್ತಿದ್ದರು. ಅದು ಅಲ್ಲಿಯ ಮರ್ಯಾದೆ.

ಹಾಗಾಗಿ ನಮ್ಮ ಕಾಲದ ಚೀನಾದ ಕಲಾವಿದ ಶು ಬಿಂಗ್ ಅವರನ್ನು ಪರಂಪರೆ ಮುರಿದವರೆಂದು ಯಾರಾದರೂ ಹೊಗಳಿದಾಗ ನನಗೆ ಸಂಕಟವಾಗುತ್ತದೆ. 1955ರಲ್ಲಿ ಹುಟ್ಟಿದ ಅವರು ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹಳ್ಳಿಯಲ್ಲಿ ದುಡಿದರು. ಆಮೇಲೆ ಯಾರೂ ಓದಲಾರದ ಸುಮಾರು 4,000 ಅಕ್ಷರಗಳನ್ನು ಕಲ್ಪಿಸಿ, ಮರದಲ್ಲಿ ಕೆತ್ತಿ, ಅಚ್ಚು ಹಾಕಿ ಹೆಸರಾದರು. 1990ರಲ್ಲಿ ಅಮೆರಿಕಕ್ಕೆ ಹೋದರು.

2004ರಲ್ಲಿ ಬರ್ಲಿನ್‌ನ ಪೂರ್ವ ಏಷ್ಯಾ ಕಲೆಯ ಮ್ಯೂಸಿಯಂ ಅವರಿಗೆ ಪ್ರದರ್ಶನಕ್ಕೆ ಜಾಗ ಕೊಟ್ಟಿತು. ಎರಡನೇ ಮಹಾಯುದ್ಧ ಮುಗಿದಾಗ ಸೋವಿಯತ್ ಸೇನೆ ಆ ಸಂಗ್ರಹದ ಬಹುಪಾಲನ್ನು ಹೊತ್ತುಕೊಂಡು ಹೋಗಿತ್ತು. ಒಯ್ದ ಕೃತಿಗಳದ್ದಾಗಿ ಉಳಿದದ್ದು ಫೋಟೋಗಳು. ಆ ಖಾಲಿತನಕ್ಕೆ ಏನು ಮಾಡುವುದು? ವಿಮಾನ ನಿಲ್ದಾಣವೊಂದರಲ್ಲಿ ಮಬ್ಬು ಗಾಜಿನ ಹಿಂದಿದ್ದ ಕುಂಡದ ಗಿಡ ಅವರಿಗೆ ಥೇಟ್ ಮಸಿಚಿತ್ರದಂತೆ ಕಂಡಿತ್ತಂತೆ! ಅದನ್ನೇ ಹಿಡಿದರು. ಮಬ್ಬು ಗಾಜು, ಅದರ ಹಿಂದೆ ಒಣಗಿದ ಗಿಡಗಂಟಿ, ನಾರು, ಮುದುರಿದ ಕಾಗದ. ಅವುಗಳ ಹಿಂದೆ ದೀಪ. ನಮ್ಮ ತೊಗಲುಗೊಂಬೆಯಾಟದ ಪರದೆಯಂತೆ. ಗಾಜಿಗೆ ಒತ್ತಿದ ರೆಂಬೆ ಗಟ್ಟಿ ಗೆರೆಯಾಗುತ್ತದೆ, ಬೆರಳಷ್ಟು ಹಿಂದಕ್ಕೆ ಸರಿಸಿದರೆ ನೀರು ಬೆರೆತ ಮಸಿಯ ಹಾಗೆ ಹರಡಿಕೊಳ್ಳುತ್ತದೆ. ಕುಂಚವಿಲ್ಲ, ಹನಿ ಮಸಿಯಿಲ್ಲ. ಸೈನಿಕರು ಒಯ್ದ ಚಿತ್ರಗಳು ನೆರಳಾಗಿ ಮರಳಿ ಬಂದವು.

2011ರಲ್ಲಿ ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿ ಅವರು ಇದೇ ಬಗೆಯಲ್ಲಿ ಮತ್ತೆ ಕಟ್ಟಿದರು. ಆರಿಸಿಕೊಂಡದ್ದು ಯಾರನ್ನು ಗೊತ್ತೇ? ನಮ್ಮ ವಾಂಗ್ ಷಿಮಿನ್‌ನನ್ನೇ, ಅವನ 1654ರ ಸುರುಳಿಚಿತ್ರವನ್ನು. ಜೀವನವಿಡೀ ಹಿರಿಯರನ್ನು ಅನುಸರಿಸಿದವನಿಗೆ ನಮ್ಮ ಕಾಲದಲ್ಲೂ ಒಬ್ಬ ಅನುಯಾಯಿ ಸಿಕ್ಕಿದ್ದು ನನಗೆ ಬಹಳ ಸಂತೋಷದ ಸಂಗತಿ.

ಶು ಬಿಂಗ್ ನೋಡುಗರನ್ನು ಗಾಜಿನ ಹಿಂದಕ್ಕೂ ಬಿಡುತ್ತಾರೆ. ಅಲ್ಲಿ ಕಾಣುವುದು ಅಂಟುಪಟ್ಟಿ, ಕಡ್ಡಿ, ಕಸ. ಎಂದಾದರೂ ಈ ಬಗೆಯ ಒಂದು ಕೃತಿ ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಹಿಂದಕ್ಕೆ ಹೋಗಿ ನೋಡಿ, ಆದರೆ ಅಲ್ಲಿಂದಲೇ ಮನೆಗೆ ಹೊರಡಬೇಡಿ. ಇನ್ನೊಮ್ಮೆ ಮುಂದೆ ಬಂದು ನಿಲ್ಲಿ. ಕಸವೆಂದು ಗೊತ್ತಾದ ಮೇಲೂ ಅದು ಬೆಟ್ಟವೇ.