ಬೆಂಕಿಯ ಭಯಕ್ಕೆ ಬಂದದ್ದು, ಧೂಳಿನಲ್ಲಿ ಉಳಿದದ್ದು



ನಿಮ್ಮ ಮನೆಯ ಹಳೆಯ ಟಿವಿಯ ಹಿಂದಿನ ಕಪ್ಪು ಕವಚ, ಕಂಪ್ಯೂಟರಿನೊಳಗಿನ ಹಸಿರು ಬೋರ್ಡು, ಕಾರಿನ ಸೀಟಿನೊಳಗಿನ ಸ್ಪಂಜು, ಗೋಡೆಯೊಳಗೆ ಎಳೆದ ವೈರಿನ ಹೊದಿಕೆ. ಇಂಥ ವಸ್ತುಗಳಿಗೆ ಬೇಗ ಬೆಂಕಿ ಹತ್ತದಿರಲಿ ಎಂದು ತಯಾರಿಸುವಾಗಲೇ ಕೆಲವು ರಾಸಾಯನಿಕಗಳನ್ನು ಬೆರೆಸುವುದುಂಟು. ಇವೇ ಅಗ್ನಿನಿರೋಧಕಗಳು. ಉದ್ದೇಶವೇನೋ ಒಳ್ಳೆಯದು. ಪ್ಲಾಸ್ಟಿಕ್ಕು, ಸ್ಪಂಜು ಎರಡೂ ಪೆಟ್ರೋಲಿಯಂನಿಂದ ಬಂದವು, ಕಿಡಿ ತಾಗಿದರೆ ಭಗ್ಗನೆ ಉರಿಯುತ್ತವೆ. ಆದರೆ ಬೆಂಕಿಗೆ ಹೆದರಿ ಬೆರೆಸಿದ ಈ ರಾಸಾಯನಿಕಗಳು ಇದ್ದಲ್ಲೇ ಇರುವುದಿಲ್ಲ. ಮನೆಯ ಧೂಳಿಗೆ ಬರುತ್ತವೆ, ಧೂಳಿನಿಂದ ಮೈಗೆ ಸೇರುತ್ತವೆ. ಇವತ್ತು ಆ ವಿಷಯ ಮಾತಾಡೋಣ.

ಹೆಚ್ಚು ತೊಂದರೆ ಕೊಟ್ಟವು ಬ್ರೋಮಿನ್ ಮತ್ತು ಕ್ಲೋರಿನ್ ಇರುವ ಬಗೆಗಳು. ಉರಿ ಮುಂದುವರಿಯಬೇಕಾದರೆ ಅದರೊಳಗೆ ಚುರುಕಾದ ಅಣುತುಣುಕುಗಳು ಒಂದರಿಂದೊಂದು ಹುಟ್ಟುತ್ತಲೇ ಇರಬೇಕು. ಬ್ರೋಮಿನ್ ಆ ತುಣುಕುಗಳನ್ನು ಹಿಡಿದು ಸರಪಳಿ ಕಡಿಯುತ್ತದೆ, ಜ್ವಾಲೆ ಕುಗ್ಗುತ್ತದೆ. ಆದರೆ ಅರೆಬರೆ ಉರಿದದ್ದರಿಂದ ಹೊಗೆ, ಮಸಿ, ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತವೆ. ಬೆಂಕಿ ಅವಘಡಗಳಲ್ಲಿ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಹೊಗೆಯಿಂದ ಎಂಬುದನ್ನು ಇಲ್ಲಿ ಮರೆಯಬಾರದು. ಇನ್ನೊಂದು ತೊಡಕೂ ಇದೆ. ಈ ರಾಸಾಯನಿಕಗಳಲ್ಲಿ ಅನೇಕವು ಸ್ಪಂಜಿನ ಜೊತೆ ರಾಸಾಯನಿಕವಾಗಿ ಕೂಡಿಕೊಳ್ಳುವುದಿಲ್ಲ. ಮಂಡಕ್ಕಿಗೆ ಕಲಸಿದ ಖಾರದ ಪುಡಿಯ ಹಾಗೆ ಬೆರೆತಿರುತ್ತವೆ ಅಷ್ಟೆ, ದಿನ ಕಳೆದಂತೆ ಉದುರುತ್ತವೆ.

ಇವು ಮೈಗೆ ಸೇರಿದರೆ ಏನಾಗುತ್ತದೆ ಎಂಬುದು ಮೊದಲು ದೊಡ್ಡದಾಗಿ ಬಯಲಾದದ್ದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. 1973ರಲ್ಲಿ ಅಲ್ಲಿನ ಒಂದು ರಾಸಾಯನಿಕ ಕಾರ್ಖಾನೆ ಎರಡು ಸರಕು ಮಾಡುತ್ತಿತ್ತು. ಒಂದು ಫೈರ್‌ಮಾಸ್ಟರ್ ಎಂಬ ಅಗ್ನಿನಿರೋಧಕ, ಇನ್ನೊಂದು ನ್ಯೂಟ್ರಿಮಾಸ್ಟರ್ ಎಂಬ, ದನಗಳ ಹಿಂಡಿಗೆ ಬೆರೆಸುವ ಮೆಗ್ನೀಸಿಯಂ ಆಕ್ಸೈಡ್. ಚೀಲ ಅದಲು ಬದಲಾಯಿತು. ಪಿಬಿಬಿ ಎಂಬ ಬ್ರೋಮಿನ್ ರಾಸಾಯನಿಕ ನೇರವಾಗಿ ಪಶು ಆಹಾರಕ್ಕೆ ಹೋಯಿತು. ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು, ಗೊರಸು ವಿಕಾರವಾಗಿ ಬೆಳೆಯಿತು. ಏನೆಂದು ಯಾರಿಗೂ ತಿಳಿಯಲಿಲ್ಲ. ರಾಸಾಯನಿಕ ಎಂಜಿನಿಯರಿಂಗ್ ಓದಿ ಹೈನುಗಾರಿಕೆಗೆ ಇಳಿದಿದ್ದ ಫ್ರೆಡೆರಿಕ್ ಹಾಲ್ಬರ್ಟ್ ಎಂಬ ರೈತ ಹಿಂಡಿಯ ಮೇಲೇ ಸಂಶಯಪಟ್ಟು ಒಂದೊಂದೇ ಪ್ರಯೋಗಾಲಯಕ್ಕೆ ಮಾದರಿ ಕಳಿಸುತ್ತಾ ಹೋದ. 1974ರಲ್ಲಿ ಕಾರಣ ಸಿಕ್ಕಿತು. ಅಷ್ಟರಲ್ಲಿ ಆ ಹಾಲು, ಮಾಂಸ, ಮೊಟ್ಟೆಗಳನ್ನು ರಾಜ್ಯದ ಜನ ತಿಂಗಳುಗಟ್ಟಲೆ ತಿಂದಾಗಿತ್ತು. ಸುಮಾರು 30,000 ದನಗಳನ್ನು, 15 ಲಕ್ಷ ಕೋಳಿಗಳನ್ನು ಕೊಂದು ಹೂಳಬೇಕಾಯಿತು. ಆ ಆಹಾರ ತಿಂದ ಕುಟುಂಬಗಳ ಆರೋಗ್ಯವನ್ನು ಸಂಶೋಧಕರು ದಶಕಗಳ ಕಾಲ ಹಿಂಬಾಲಿಸಿದ್ದಾರೆ. ತಾಯಿಯ ಗರ್ಭದಲ್ಲಿದ್ದಾಗ ಹೆಚ್ಚು ಪಿಬಿಬಿ ತಾಗಿದ್ದ ಹೆಣ್ಣುಮಕ್ಕಳು ಉಳಿದವರಿಗಿಂತ ಬೇಗ ಋತುಮತಿಯರಾದರು ಎಂದು ಒಂದು ಅಧ್ಯಯನ ತೋರಿಸಿತು.

ಪಿಬಿಬಿ ನಿಂತಿತು. ಅದರ ಜಾಗಕ್ಕೆ ಅದೇ ಜಾತಿಯ ಪಿಬಿಡಿಇ ಬಂತು. ಒಂದನ್ನು ನಿಲ್ಲಿಸಿದಾಗ ಅದರ ದಾಯಾದಿಯನ್ನು ತಂದು ಕೂರಿಸುವ ಈ ಪದ್ಧತಿಯೇ ಇಡೀ ಚರಿತ್ರೆಯ ಕೇಡು ಎಂದು ನನ್ನ ಅಭಿಪ್ರಾಯ. ಸ್ವೀಡನ್ನಿನಲ್ಲಿ ತಾಯಂದಿರ ಎದೆಹಾಲಿನ ಮಾದರಿಗಳನ್ನು ವರ್ಷ ವರ್ಷ ಶೇಖರಿಸಿ ಇಡುತ್ತಾರೆ. ಹಳೆಯ ಮಾದರಿಗಳನ್ನು ಪರೀಕ್ಷಿಸಿದಾಗ, 1972ರಿಂದ 1997ರವರೆಗೆ ಪಿಬಿಡಿಇ ಪ್ರಮಾಣ ಐದೈದು ವರ್ಷಕ್ಕೆ ಎರಡು ಪಟ್ಟಾಗುತ್ತಾ ಬಂದಿತ್ತು. ಬಳಕೆ ತಗ್ಗಿದ ಮೇಲೆ ಇಳಿಯತೊಡಗಿತು. ಕೊಬ್ಬಿನಲ್ಲಿ ಕರಗಿ ಅಲ್ಲೇ ಕೂರುವ ಈ ವಸ್ತು, ಕಾರ್ಖಾನೆಯೇ ಇಲ್ಲದ ಉತ್ತರ ಧ್ರುವದ ಹಿಮಕರಡಿಗಳ ಮೈಯಲ್ಲೂ ಸಿಕ್ಕಿದೆ.

ಪಿಬಿಡಿಇ ಅಣುವಿನ ಆಕಾರ ನಮ್ಮ ಥೈರಾಯ್ಡ್ ಹಾರ್ಮೋನನ್ನು ಹೋಲುತ್ತದೆ. ಗರ್ಭದಲ್ಲಿ ಮಗುವಿನ ಮಿದುಳು ಬೆಳೆಯಲು ಆ ಹಾರ್ಮೋನೇ ಆಧಾರ. ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ಅಧ್ಯಯನದಲ್ಲಿ, ಗರ್ಭಿಣಿಯ ರಕ್ತದಲ್ಲಿ ಪಿಬಿಡಿಇ ಹತ್ತು ಪಟ್ಟು ಹೆಚ್ಚಿದ್ದರೆ ಐದನೇ ವಯಸ್ಸಿನಲ್ಲಿ ಮಗುವಿನ ಬುದ್ಧಿಸೂಚ್ಯಂಕ ಸುಮಾರು 4.5 ಅಂಕ ಕಡಿಮೆ ಕಂಡಿತು. ಒಂದೇ ಅಧ್ಯಯನದಿಂದ ತೀರ್ಪು ಕೊಡಲಾಗದು, ನಿಜ. ಆದರೆ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ ತಾಯಿ ಮಕ್ಕಳ ಅಧ್ಯಯನಗಳೂ ಅದೇ ದಿಕ್ಕಿಗೆ ಕೈ ತೋರಿಸಿದವು. 2007ರಲ್ಲಿ ಇನ್ನೊಂದು ಸುಳಿವು ಬಂತು. ಮನೆಯೊಳಗೇ ಇರುವ, ಮೈ ನೆಕ್ಕಿಕೊಳ್ಳುತ್ತಾ ಧೂಳನ್ನೂ ನುಂಗುವ ಬೆಕ್ಕುಗಳ ರಕ್ತದಲ್ಲಿ ಪಿಬಿಡಿಇ ಬಹಳ ಹೆಚ್ಚಿತ್ತು. ಅವುಗಳಲ್ಲಿ ಥೈರಾಯ್ಡ್ ರೋಗವೂ ವ್ಯಾಪಕವಾಗಿದ್ದದ್ದರಿಂದ ಎರಡಕ್ಕೂ ನಂಟಿದೆಯೇ ಎಂದು ಸಂಶೋಧಕರು ಕೇಳತೊಡಗಿದರು.

ಇಷ್ಟಾಗಿ ಈ ಅಗ್ನಿನಿರೋಧಕಗಳಿಂದ ಪ್ರಾಣವಾದರೂ ಉಳಿಯಿತೇ? ಕ್ಯಾಲಿಫೋರ್ನಿಯಾದ ನಿಯಮವೊಂದನ್ನು ನೋಡಿ. ಟಿಬಿ 117 ಎಂದು ಅದರ ಹೆಸರು, 1975ರದ್ದು. ಸೋಫಾದ ಬರಿ ಸ್ಪಂಜು 12 ಸೆಕೆಂಡು ಸಣ್ಣ ಜ್ವಾಲೆಯನ್ನು ತಾಳಬೇಕು ಎಂದಿತು. ಅದಕ್ಕಾಗಿ ಸ್ಪಂಜಿನ ತೂಕದ ನೂರಕ್ಕೆ ಮೂರರಿಂದ ಆರು ಭಾಗದಷ್ಟು ರಾಸಾಯನಿಕ ತುಂಬಿದರು. ಆದರೆ ಮನೆಯಲ್ಲಿ ಬರಿ ಸ್ಪಂಜಿನ ಮೇಲೆ ಯಾರು ಕೂರುತ್ತಾರೆ? ಮೊದಲು ಹತ್ತಿಕೊಳ್ಳುವುದು ಮೇಲಿನ ಬಟ್ಟೆ. ಉರಿ ಸ್ಪಂಜಿಗೆ ಇಳಿಯುವಷ್ಟರಲ್ಲಿ ಆ ಪ್ರಮಾಣದ ರಾಸಾಯನಿಕ ಯಾವುದಕ್ಕೂ ಸಾಲದು. 1988ರ ಒಂದು ಸರ್ಕಾರಿ ಪರೀಕ್ಷೆಯನ್ನು ಮುಂದಿಟ್ಟುಕೊಂಡು ಉದ್ಯಮದವರು ಪಾರಾಗಲು ಹದಿನೈದು ಪಟ್ಟು ಹೆಚ್ಚು ಸಮಯ ಸಿಗುತ್ತದೆ ಎಂದು ಬಹಳ ಕಾಲ ಹೇಳಿದರು. ತಾವು ಪರೀಕ್ಷಿಸಿದ್ದು ಮನೆಯ ಸೋಫಾಗಳಿಗಿಂತ ಬಹಳ ಹೆಚ್ಚು ರಾಸಾಯನಿಕ ತುಂಬಿದ ವಸ್ತುಗಳನ್ನು ಎಂದು ಆ ಪರೀಕ್ಷೆ ನಡೆಸಿದ ವಿಜ್ಞಾನಿಯೇ ಮುಂದೆ ಸ್ಪಷ್ಟಪಡಿಸಿದರು.

ಈ ನಿಯಮ ಬದಲಾಗಲು ದುಡಿದವರಲ್ಲಿ ರಸಾಯನ ವಿಜ್ಞಾನಿ ಆರ್ಲೀನ್ ಬ್ಲಮ್ ಮುಖ್ಯರು. 1978ರಲ್ಲಿ ಅನ್ನಪೂರ್ಣ ಶಿಖರ ಏರಿದ ಮಹಿಳಾ ತಂಡದ ನಾಯಕಿಯೂ ಈಕೆಯೇ. ಅದಕ್ಕೂ ಮುಂಚೆ, 1977ರಲ್ಲಿ, ವಿಜ್ಞಾನಿ ಬ್ರೂಸ್ ಏಮ್ಸ್ ಅವರೊಂದಿಗೆ ಸೇರಿ ಮಕ್ಕಳ ರಾತ್ರಿ ಉಡುಪಿಗೆ ಹಾಕುತ್ತಿದ್ದ ಟ್ರಿಸ್ ಎಂಬ ಅಗ್ನಿನಿರೋಧಕ ವಂಶವಾಹಿಗಳಿಗೆ ಹಾನಿ ಮಾಡುತ್ತದೆ ಎಂದು ಬರೆದರು. ಅದೇ ವರ್ಷ ಅದು ನಿಷೇಧವಾಯಿತು. ಬ್ರೋಮಿನ್ ಟ್ರಿಸ್ ಹೋಗಿ ಕ್ಲೋರಿನ್ ಟ್ರಿಸ್ ಬಂತು. ಅದೂ ಅಂಥದ್ದೇ ಎಂದು ತೋರಿಸಿದ ಮೇಲೆ ಉಡುಪಿನಿಂದ ಹೋಯಿತು. ಮೂರು ದಶಕಗಳ ನಂತರ ನೋಡಿದರೆ ಅದೇ ಕ್ಲೋರಿನ್ ಟ್ರಿಸ್ ಅಮೆರಿಕದ ಸೋಫಾಗಳಲ್ಲಿ ಕೂತಿತ್ತು! 2011ರಲ್ಲಿ ಸ್ಪಂಜು ಇರುವ 101 ಶಿಶುವಸ್ತುಗಳನ್ನು ಪರೀಕ್ಷಿಸಿದಾಗ ನೂರಕ್ಕೆ 80ರಲ್ಲಿ ಅಗ್ನಿನಿರೋಧಕಗಳಿದ್ದವು, ಅವುಗಳಲ್ಲಿ ಹೆಚ್ಚು ಸಿಕ್ಕಿದ್ದೂ ಅದೇ. ಕೊನೆಗೆ 2013ರಲ್ಲಿ ಕ್ಯಾಲಿಫೋರ್ನಿಯಾ ನಿಯಮ ತಿದ್ದಿತು. ಈಗ ಸಿಗರೇಟಿನ ಕಿಡಿಯಿಂದ ಬಟ್ಟೆ ಹೊಗೆಯಾಡದಿದ್ದರೆ ಸಾಕು, ರಾಸಾಯನಿಕ ಬೇಕಿಲ್ಲ.

ಈ ಭಾಷಣವನ್ನು ಅಮೆರಿಕದಲ್ಲಿ ಕೂತು ಕೇಳುತ್ತಿರುವ ಕನ್ನಡಿಗರಿಗೆ ಒಂದು ಮಾತು. ಹಳೆಯ ಸೋಫಾ ಕೊಳ್ಳುವ ಮುನ್ನ ಅಡಿಯಲ್ಲಿ ಹೊಲಿದ ಚೀಟಿ ನೋಡಿ. ಬರೀ ಟಿಬಿ 117 ಎಂದಿದ್ದರೆ ಬೇಡ ಎನ್ನಿ. ಟಿಬಿ 117-2013 ಎಂದಿದ್ದು, ಅಗ್ನಿನಿರೋಧಕ ಸೇರಿಸಿಲ್ಲ ಎಂಬ ಸಾಲಿಗೆ ಗುರುತು ಹಾಕಿದ್ದರೆ ತೆಗೆದುಕೊಳ್ಳಬಹುದು. ಮನೆಯಲ್ಲಿರುವ ಹಳೆಯ ಕುಶನ್ನಿನ ಬಟ್ಟೆ ಹರಿದು ಸ್ಪಂಜು ಪುಡಿಯಾಗುತ್ತಿದ್ದರೆ ಬದಲಾಯಿಸಿ.

ಇನ್ನು ನಮ್ಮಲ್ಲಿಗೆ ಬರೋಣ. ಪಿಬಿಡಿಇ ಕುಟುಂಬದ ಕೆಲವನ್ನು ಜಗತ್ತಿನಿಂದಲೇ ತೆಗೆಯಲು ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಒಪ್ಪಂದ 2009ರಲ್ಲಿ ಪಟ್ಟಿ ಮಾಡಿತು. ನಮ್ಮ ಕೇಂದ್ರ ಸರ್ಕಾರ 2018ರ ನಿಯಮದಲ್ಲಿ ಅವುಗಳ ತಯಾರಿಕೆ, ಮಾರಾಟ, ಆಮದನ್ನು ನಿಷೇಧಿಸಿತು. ಹಾಗಾಗಿ ಹೊಸ ಟಿವಿ ಕೊಳ್ಳಲು ಯಾರೂ ಅಂಜಬೇಕಿಲ್ಲ. ಜಾಗ್ರತೆ ಬೇಕಾಗಿರುವುದು ಹಳೆಯ ಸಾಮಾನಿನ ಬಗ್ಗೆ, ಮನೆಯ ಧೂಳಿನ ಬಗ್ಗೆ.

ಒಣ ಪೊರಕೆಯಿಂದ ಗುಡಿಸಿದರೆ ಸಣ್ಣ ಧೂಳು ಎದ್ದು ಮತ್ತೆ ಕೂರುತ್ತದೆ. ಒದ್ದೆ ಬಟ್ಟೆಯಿಂದ ನೆಲ ಒರೆಸುವ ನಮ್ಮ ರೂಢಿ ಇದಕ್ಕೆ ಬಹಳ ಒಳ್ಳೆಯ ಉಪಾಯ, ಟಿವಿಯ ಹಿಂಭಾಗವನ್ನೂ ಸ್ಟ್ಯಾಂಡನ್ನೂ ಹಾಗೆಯೇ ಒರೆಸಿ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಇಡುತ್ತದೆ, ದೊಡ್ಡವರಿಗಿಂತ ಹೆಚ್ಚು ಧೂಳು ನುಂಗುತ್ತದೆ. ತಿನ್ನಿಸುವ ಮೊದಲು ಮಗುವಿನ ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ನಾವೂ ಕೈಯಿಂದಲೇ ಉಣ್ಣುವವರು, ಕಂಪ್ಯೂಟರ್ ಮುಂದಿನಿಂದ ಎದ್ದು ನೇರ ತಟ್ಟೆಗೆ ಕೈ ಹಾಕಬಾರದು. ಎದೆಹಾಲಿನ ವಿಷಯ ಕೇಳಿ ಯಾವ ತಾಯಿಯೂ ಗಾಬರಿಯಾಗಬೇಡಿ. ಎದೆಹಾಲಿನಿಂದ ಮಗುವಿಗೆ ಆಗುವ ಒಳ್ಳೆಯದು ಈ ಆತಂಕಕ್ಕಿಂತ ಎಷ್ಟೋ ಪಾಲು ದೊಡ್ಡದು, ಹಾಲುಣಿಸುವುದನ್ನು ನಿಲ್ಲಿಸಲೇಬೇಡಿ.

ಕಾರು ಇದ್ದವರು, ಅದರಲ್ಲೂ ರಾಯಚೂರು, ಕಲಬುರಗಿ ಕಡೆಯ ಬಿಸಿಲಿನಲ್ಲಿ ಓಡಿಸುವವರು, ಕಾದ ಕಾರಿಗೆ ಹತ್ತಿದ ಕೂಡಲೇ ಕಿಟಕಿ ಇಳಿಸಿ ಒಳಗಿನ ಬಿಸಿಗಾಳಿ ಹೊರಹೋಗಲು ಬಿಡಿ, ಆಮೇಲೆ ಎ.ಸಿ. ಹಾಕಿ. ಸೀಟಿನ ಸ್ಪಂಜಿನ ರಾಸಾಯನಿಕ ಬಿಸಿಗೆ ಹೆಚ್ಚು ಹೊರಬರುತ್ತದೆ. ಸಾಧ್ಯವಿದ್ದರೆ ಮರದ ನೆರಳಲ್ಲಿ ನಿಲ್ಲಿಸಿ.

ಮನೆ ಕಟ್ಟಿಸುವವರು ಅಗ್ನಿನಿರೋಧಕ ಬೆರೆಸಿದ ಎಫ್‌ಆರ್ ವೈರು ಬೇಡವೇ ಎಂದು ಕೇಳಬಹುದು. ಬೇಕು. ಗೋಡೆಯೊಳಗಿನ ವೈರು ಬೆಂಕಿ ಹರಡಬಾರದು, ಅಲ್ಲಿ ರಾಜಿ ಇಲ್ಲ. ಕೈಗೆಟುಕಿದರೆ ಹ್ಯಾಲೊಜೆನ್ (ಅಂದರೆ ಬ್ರೋಮಿನ್, ಕ್ಲೋರಿನ್ ಮುಂತಾದವು) ಇಲ್ಲದ, ಕಡಿಮೆ ಹೊಗೆಯ ವೈರನ್ನೇ ಕೇಳಿ. ಅವುಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಕಾದಾಗ ಅದು ನೀರಾವಿ ಬಿಟ್ಟು ಉರಿ ತಗ್ಗಿಸುತ್ತದೆ, ವಿಷವಾಗಿ ಮೈಯಲ್ಲಿ ಕೂರುವುದಿಲ್ಲ. ಜೊತೆಗೆ ಎಂಸಿಬಿ ಸರಿಯಾಗಿರಲಿ, ಒಂದೇ ಪ್ಲಗ್ಗಿಗೆ ನಾಲ್ಕು ಸಾಮಾನು ಸಿಕ್ಕಿಸಬೇಡಿ.

ಇವತ್ತು ಬಹುಮುಖ್ಯವಾಗಿ ಹೇಳಬೇಕಾದ ಮಾತು ಸುಡುವುದರ ಬಗ್ಗೆ. ಹಳ್ಳಿಗಳಲ್ಲಿ, ಪೇಟೆಯ ಹಿತ್ತಲುಗಳಲ್ಲಿ, ಸ್ನಾನದ ನೀರು ಕಾಯಿಸುವ ಬಚ್ಚಲ ಒಲೆಗೆ ಕೈಗೆ ಸಿಕ್ಕ ಪ್ಲಾಸ್ಟಿಕ್ಕನ್ನು ತುರುಕುವ ಅಭ್ಯಾಸವಿದೆ. ಟಿವಿಯ ಕವಚ, ಕೀಬೋರ್ಡು, ಹಳೆಯ ವೈರು ಇವನ್ನು ದಯವಿಟ್ಟು ಒಲೆಗೆ ಹಾಕಬೇಡಿ. ತಾಮ್ರ ಬಿಡಿಸಲು ವೈರು ಸುಡಬೇಡಿ. ಬ್ರೋಮಿನ್, ಕ್ಲೋರಿನ್ ಇರುವ ಪ್ಲಾಸ್ಟಿಕ್ಕು ಸಣ್ಣ ಉರಿಯಲ್ಲಿ ಸುಟ್ಟರೆ ಡಯಾಕ್ಸಿನ್, ಫ್ಯೂರಾನ್ ಎಂಬ ಅತಿ ವಿಷಕಾರಿ ವಸ್ತುಗಳು ಹುಟ್ಟುತ್ತವೆ. ಆ ಬೂದಿಯನ್ನು ತಿಪ್ಪೆಗೆ ಸುರಿದರೆ ವಿಷ ಗೊಬ್ಬರದೊಂದಿಗೆ ಹೊಲಕ್ಕೆ ಹೋಗುತ್ತದೆ, ಮೇವಿನ ಮೂಲಕ ಹಸುವಿನ ಹಾಲಿಗೂ ಬರುತ್ತದೆ. ಇನ್ನು ಹೊಗೆಯ ಮಾತು. ಬೆಂಕಿ ಆರಿಸುವ ಕೆಲಸವನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಕ್ಯಾನ್ಸರ್ ತರುವ ವೃತ್ತಿ ಎಂದು ವರ್ಗೀಕರಿಸಿತು. ರಕ್ಷಣಾ ಉಡುಪು ತೊಟ್ಟ ಅಗ್ನಿಶಾಮಕ ಸಿಬ್ಬಂದಿಯ ಗತಿಯೇ ಹೀಗಿರುವಾಗ, ಒಲೆಯ ಮುಂದೆ ಬರಿಗೈಯಲ್ಲಿ ಕೂತು ಊದುವ ಅಜ್ಜಿ, ಅಮ್ಮಂದಿರ ಬಗ್ಗೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಕೆಟ್ಟ ಟಿವಿ, ಕಂಪ್ಯೂಟರನ್ನು ಒಡೆದು ಬಿಡಿಬಿಡಿಯಾಗಿ ಗುಜರಿಗೆ ಕೊಡಬೇಡಿ, ಇಡಿಯಾಗಿ ಕೊಡಿ, ಅದೂ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೇ ಕೊಡಿ. ಅಂಥ ಮರುಬಳಕೆ ಘಟಕ ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ 2005ರಲ್ಲೇ ಶುರುವಾಗಿದೆ, ಆಮೇಲೆ ಬೇರೆಯವೂ ಬಂದಿವೆ. ನಿಮಗೆ ಹತ್ತಿರದ್ದು ಯಾವುದೆಂದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿ. ಹೊಸದು ಕೊಳ್ಳುವ ಅಂಗಡಿಯಲ್ಲೂ ಹಳೆಯದನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿ, ಉತ್ತರ ಸಿಗುವವರೆಗೂ ಕೇಳಿ.