ಪಟ್ಟಿ ಆಮೇಲೆ ಓದೋಣ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿ ಶಿರಾಳಕೊಪ್ಪದ ಮೇಲೆ ಹಾಯುತ್ತದೆ. ಅದರ ಆಸುಪಾಸಿನಲ್ಲೇ ಬಳ್ಳಿಗಾವಿ, ಉಡುತಡಿ. ಅಲ್ಲಮಪ್ರಭು, ಅಕ್ಕಮಹಾದೇವಿ ಹುಟ್ಟಿದರೆಂದು ಜನ ನಂಬಿರುವ ಊರುಗಳು. ಅಕ್ಕ ತನ್ನ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಕರೆದಳು; ಹಂಬಲಿಸಿದಳು, ಮುನಿದಳು, ತಗಾದೆಯನ್ನೂ ತೆಗೆದಳು. ದೇವರೊಂದಿಗೆ ಇಷ್ಟು ಸಲಿಗೆಯಿಂದ ಮಾತಾಡಬಹುದೆಂದು ಕನ್ನಡಕ್ಕೆ ತೋರಿಸಿಕೊಟ್ಟ ನೆಲ ಇದು.

ಇದೇ ನೆಲದಲ್ಲಿ ಬಾಳುವ ಕ್ರೈಸ್ತ ಮನೆಗಳಲ್ಲಿ ಸಂಜೆಯಾದರೆ ಮೇಣದಬತ್ತಿ ಹಚ್ಚಿ ಜಪಸರ ಹೇಳುತ್ತಾರೆ. ಬೆರಳಲ್ಲಿ ಮಣಿ ಸರಿಯುತ್ತಿರುತ್ತದೆ, ಕಿವಿ ಕುಕ್ಕರಿನ ಸೀಟಿಯ ಕಡೆಗಿರುತ್ತದೆ. ಕೊನೆಗೆ ಬೇಡಿಕೆಗಳ ಪಟ್ಟಿ: ಮಗನ ಪರೀಕ್ಷೆ, ಮಗಳ ಸಂಬಂಧ, ಸೊಸೈಟಿ ಸಾಲ, ಶುಂಠಿಯ ರೇಟು. ಕೇಳುವುದು ತಪ್ಪಲ್ಲ. ಅಂದಂದಿನ ಆಹಾರವನ್ನು ಕೇಳಿಕೊಳ್ಳಲು ಯೇಸುಸ್ವಾಮಿಯೇ ಕಲಿಸಿದರು. ಆದರೆ ಕೆಲಸವಿದ್ದಾಗ ಮಾತ್ರ ಬಾಗಿಲು ತಟ್ಟುವವನನ್ನು ನಾವು ಗೆಳೆಯ ಅನ್ನುತ್ತೇವೆಯೇ?

ಕೊನೆಯ ರಾತ್ರಿಯ ಊಟದ ಹೊತ್ತಿನಲ್ಲಿ ಯೇಸು ಶಿಷ್ಯರಿಗೆ, ಇನ್ನು ನೀವು ನನಗೆ ಆಳುಗಳಲ್ಲ, ಗೆಳೆಯರು ಎಂಬರ್ಥದ ಮಾತು ಹೇಳಿದರೆಂದು ಯೊವಾನ್ನನ ಶುಭಸಂದೇಶದಲ್ಲಿದೆ. ಕಾರಣವನ್ನೂ ಕೊಟ್ಟರು: ತಂದೆಯಿಂದ ಕೇಳಿದ್ದನ್ನೆಲ್ಲ ಅವರಿಗೆ ತಿಳಿಸಿಯಾಗಿತ್ತು, ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಹಾಗಾದರೆ ನಮ್ಮ ಕಡೆಯಿಂದಲೂ ಮುಚ್ಚುಮರೆ ಇರಬಾರದು.

ಕಷ್ಟ ಇರುವುದು ಇಲ್ಲೇ. ದೇವರ ಮುಂದೆ ನಾವು ಒಳ್ಳೆಯ ಮಾತನ್ನಷ್ಟೇ ಆಡುತ್ತೇವೆ. ಗುತ್ತಿಗೆ ಜಮೀನಿನಲ್ಲಿ ಶುಂಠಿ ಹಾಕಿದ ರೈತನೊಬ್ಬನನ್ನು ನೆನೆಯಿರಿ. ಬಿಡದೆ ಮಳೆ ಹೊಡೆದು ಮಡಿಯಲ್ಲಿ ನೀರು ನಿಂತಿದೆ, ಕಿತ್ತು ನೋಡಿದರೆ ಗಡ್ಡೆ ಕೊಳೆತು ಕೈಗೆ ಅಂಟುತ್ತಿದೆ. ಆ ರಾತ್ರಿ ಅವನು ಬಾಯಿಪಾಠದ ಸ್ತೋತ್ರ ಹೇಳಿ ಮಲಗಬಹುದು. ಅಥವಾ, "ಪ್ರಭು, ಬಸಿಗಾಲುವೆ ತೆಗೆದೆ, ಔಷಧಿ ಹೊಡೆದೆ, ಆದರೂ ಹೀಗ್ಯಾಕೆ ಮಾಡಿದೆ?" ಎಂದು ಸಿಟ್ಟಿನಿಂದಲೇ ಕೇಳಬಹುದು. ಈ ಎರಡನೆಯದು ಗೆಳೆತನದ ಪ್ರಾರ್ಥನೆ. ಬೈಬಲ್ಲಿನ 150 ಕೀರ್ತನೆಗಳಲ್ಲಿ ಎಷ್ಟೋ ಇಂಥ ದೂರುಗಳೇ. ಗೆತ್ಸೆಮನೆ ತೋಟದಲ್ಲಿ ಸ್ವತಃ ಯೇಸು ಈ ಸಂಕಟ ನನಗೆ ತಪ್ಪಲಿ ಎಂದು ಬೇಡಿಕೊಂಡರು, ಆಮೇಲೆ ತಂದೆಯ ಇಚ್ಛೆಗೆ ತಲೆಬಾಗಿದರು.

ಹೇಳಿದ ಮೇಲೆ ಸುಮ್ಮನೆ ಕೂರಬೇಕು. ಗೆಳೆಯನಿಗೂ ಮಾತಿರುತ್ತದೆ. ಆ ಮೌನದಲ್ಲಿ ರೈತನ ಸಾಲ ತೀರುವುದಿಲ್ಲ. ಆದರೆ ಒಂದು ಪ್ರಶ್ನೆ ಏಳಬಹುದು: "ಕಳೆ ತೆಗೆದವರಿಗೆ ಕೂಲಿ ಕೊಟ್ಟೆಯಾ?" ಬೇಡವೆಂದರೂ ಎದ್ದು ಬರುವ ಇಂಥ ಪ್ರಶ್ನೆಯನ್ನು ದೇವರ ದನಿ ಎಂದು ತಿಳಿಯಲು ನನಗೆ ಅಡ್ಡಿಯಿಲ್ಲ. ಒಬ್ಬರನ್ನೊಬ್ಬರು ಪ್ರೀತಿಸಿ ಎಂಬ ಆಜ್ಞೆಯನ್ನು ಯೇಸು ಕೊಟ್ಟದ್ದು ಗೆಳೆತನದ ಮಾತಿನ ಜೊತೆಯಲ್ಲೇ. ಬಳ್ಳಿಗಾವಿಯ ಕೋಡಿಮಠದಲ್ಲಿ ಪೂಜೆ, ಪಾಠಗಳ ಜೊತೆಗೆ ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧೋಪಚಾರವೂ ಇತ್ತೆಂದು 1162ರ ಶಾಸನ ಹೇಳುತ್ತದೆ. ದೇವರ ಹತ್ತಿರ ಹೋದವರು ಮನುಷ್ಯರಿಂದ ದೂರವಾಗುವುದಿಲ್ಲ ಎಂಬುದಕ್ಕೆ ನಮ್ಮೂರಿನದೇ ಸಾಕ್ಷಿ ಇದು.

ಹಾಗೆಂದು ಜಪಸರ ಬಿಡಬೇಕಿಲ್ಲ. ಪ್ರೀತಿಸುವ ಗೆಳೆಯನೊಡನೆ ಆಗಾಗ ಒಂಟಿಯಾಗಿ ಮಾತಿಗೆ ಕೂರುವುದೇ ಪ್ರಾರ್ಥನೆ ಎಂದು ತಿಳಿದಿದ್ದವರು 16ನೆಯ ಶತಮಾನದ ಸ್ಪೇನಿನ ಸಂತ ತೆರೇಸಾ. ಯಾರೊಡನೆ ಮಾತಾಡುತ್ತಿದ್ದೇವೆ ಎಂಬ ಎಚ್ಚರವಿದ್ದರೆ, ಕಲಿತ ಪ್ರಾರ್ಥನೆಯನ್ನೇ ನಿಧಾನವಾಗಿ ಹೇಳಿದರೂ ಸಾಕು ಎಂದು ಅವರು ತಮ್ಮ ಮಠದ ಸೋದರಿಯರಿಗೆ ಕಲಿಸಿದರು. 17ನೆಯ ಶತಮಾನದಲ್ಲಿ ಪ್ಯಾರಿಸಿನ ಮಠವೊಂದರಲ್ಲಿದ್ದ ಬ್ರದರ್ ಲಾರೆನ್ಸ್ ಅಡುಗೆಮನೆಯ ಕೆಲಸದ ನಡುವೆಯೇ ದೇವರೊಡನೆ ಮಾತಾಡುತ್ತಿದ್ದರು.

ಇವತ್ತು ರಾತ್ರಿ ಜಪ ಮುಗಿದ ಕೂಡಲೇ ಏಳಬೇಡಿ. ದಿನ ಹೇಗೆ ಕಳೆಯಿತೆಂದು ಇದ್ದದ್ದು ಇದ್ದ ಹಾಗೆ ಹೇಳಿ. ಐದು ನಿಮಿಷ ಸುಮ್ಮನಿರಿ. ಪಟ್ಟಿ ಆಮೇಲೆ ಓದಿ. ಆ ಮೌನದಲ್ಲಿ ಯಾರದಾದರೂ ಹೆಸರು ನೆನಪಾದರೆ ನಾಳೆ ಅವರನ್ನು ಹೋಗಿ ಕಾಣಿ.